ಬೆರಳಿಗೆ ಸಿಗದ ಬರಹ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಯ ಮುಂದಿನ ಸಣ್ಣ ಕೋಣೆಯಲ್ಲಿ ಹೊಗೆಯಕ್ಕ ಲೇಸರ್ ಯಂತ್ರದ ಸ್ವಿಚ್ ಹಾಕುವ ಮುನ್ನ, ಅದನ್ನು ತಂಪಾಗಿಡುವ ನೀರಿನ ಬಕೆಟ್ಟಿಗೆ ಕೈ ಅದ್ದಿ ನೋಡುತ್ತಾರೆ. ನೀರು ತಣ್ಣಗಿದೆ.

"ಈಗ ಮಾಡಿದ್ರೆ ಆಯ್ತು. ಬಿಸಿಲೇರಿದ್ರೆ ನೀರು ಕಾಯತ್ತೆ, ಯಂತ್ರ ಸೊರಗತ್ತೆ. ಬೆಳಿಗ್ಗೆ ಇಟ್ಟ ಲೆಕ್ಕ ಮಧ್ಯಾಹ್ನಕ್ಕೆ ನಡೆಯಲ್ಲ," ಎನ್ನುತ್ತಾ ಮುಚ್ಚಳ ಇಳಿಸುತ್ತಾರೆ. ಮರದ ಹಲಗೆಯ ಮೇಲೆ ಬೆಳಕಿನ ಮೊನೆ ಓಡಾಡತೊಡಗುತ್ತದೆ. ಈ ಸುಟ್ಟ ಮರದ ವಾಸನೆ ಸದಾ ಮೈಗಂಟಿಕೊಂಡಿರುವುದರಿಂದಲೇ ಬೀದಿಯವರಿಗೆಲ್ಲ ಅವರು ಹೊಗೆಯಕ್ಕ. ಅವರಿಗೂ ಅದರಲ್ಲಿ ಬೇಸರವಿಲ್ಲ. "ಸೆಂಟು ಹಾಕ್ಕೊಂಡ್ರೂ ಕೊನೆಗೆ ಗೆಲ್ಲೋದು ಹೊಗೇನೇ," ಎಂದು ನಗುತ್ತಾರೆ.

ಇವತ್ತು ಮಾತ್ರ ನಗು ತುಟಿ ದಾಟುತ್ತಿಲ್ಲ. ಹಲಗೆ ಹೋಗಬೇಕಾದದ್ದು ಬೀದಿಯ ಕೊನೆಯಲ್ಲಿರುವ ಅಂಧ ಮಹಿಳೆಯರ ವಸತಿಗೃಹಕ್ಕೆ, ಅದೂ ಮಹಡಿಯಿಂದ ಕೆಳಗಿಳಿಯುವ ಮೆಟ್ಟಿಲು ಶುರುವಾಗುವ ಜಾಗಕ್ಕೆ. ಅದೇ ಜಾಗಕ್ಕೆ ಅವರು ಮಾಡುತ್ತಿರುವ ಎರಡನೆಯ ಹಲಗೆ ಇದು. ಮೊದಲನೆಯದರ ಮಾತೆತ್ತಿದರೆ ಈಗಲೂ ಅವರು ತಲೆ ತಗ್ಗಿಸುತ್ತಾರೆ.

ಅಕ್ಕನ ಯಜಮಾನರು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು. ಆ ಕೆಲಸ ಕೇಳುವವರಿಲ್ಲದಾಗ ಯಾರೋ ಬಳಸಿ ಬಿಟ್ಟಿದ್ದ ಈ ಯಂತ್ರ ಮನೆಗೆ ಬಂತು. ಮಾರಿದವನು "ಮರಕ್ಕೆ ಪವರ್ ಎಂಬತ್ತು, ವೇಗ ಮುನ್ನೂರು" ಎಂದು ಹೇಳಿ ಕೈತೊಳೆದುಕೊಂಡ. ಮಿಕ್ಕಿದ್ದನ್ನೆಲ್ಲ ಅಕ್ಕ ಸುಟ್ಟು ಸುಟ್ಟೇ ಕಲಿತರು. ಒಬ್ಬ ವಕೀಲರ ಹೆಸರು ಪೂರ್ತಿ ಇದ್ದಿಲಾಯಿತು. "ಪವರ್ ಅಂದ್ರೆ ಒಲೆಯ ಉರಿ. ವೇಗ ಅಂದ್ರೆ ಪಾತ್ರೆ ಎಷ್ಟು ಹೊತ್ತು ಒಲೆ ಮೇಲಿರತ್ತೆ ಅನ್ನೋದು. ಎರಡೂ ಹೊಂದಬೇಕು," ಎಂಬುದು ಅವರ ವಿವರಣೆ.

ವಸತಿಗೃಹಕ್ಕೆ ಬೇಕಿದ್ದದ್ದು ಬ್ರೈಲ್ ಚುಕ್ಕೆಗಳು. ಸುತ್ತಲಿನ ಮರವನ್ನು ಸುಟ್ಟು ತಗ್ಗಿಸಿದರೆ ಚುಕ್ಕೆಗಳು ಮೇಲೆದ್ದು ನಿಲ್ಲುತ್ತವೆ, ಬೆರಳು ಅವನ್ನು ಓದುತ್ತದೆ. ಅಕ್ಕ ಮುನ್ನೂರರ ವೇಗದಲ್ಲೇ ಸುಟ್ಟರು. ಕಾಫಿ ಬಣ್ಣದ ನೆಲದ ಮೇಲೆ ಬಿಳಿ ಚುಕ್ಕೆಗಳು, ನೋಡಿದವರ ಕಣ್ಣು ತಂಪಾಗಬೇಕು! ಯಜಮಾನರು ಅದನ್ನು ಗೋಡೆಗೆ ಬಿಗಿದು ಕೆಳಗಿಳಿದರು. ಅಕ್ಕ ಮಹಡಿಯಲ್ಲೇ ನಿಂತು ನೋಡುತ್ತಿದ್ದರು.

ಅಲ್ಲಿಯ ಹಿರಿಯರು ಟೀಚರ್. ಹೊಸದಾಗಿ ಬಂದವರಿಗೆ ಬ್ರೈಲ್ ಕಲಿಸುವುದು ಅವರೇ. ಮೂರನೆಯ ಮಹಡಿಯಿಂದ ಹೊಸದಾಗಿ ಈ ಮಹಡಿಗೆ ಬಂದಿದ್ದ ಅವರು ಗೋಡೆ ಸವರುತ್ತಾ ಬಂದರು, ಹಲಗೆಯ ಮೇಲೆ ಬೆರಳಾಡಿಸಿದರು, ನಿಲ್ಲದೆ ಮುಂದೆ ಹೆಜ್ಜೆ ಎತ್ತಿದರು.

ಹೊಗೆಯಕ್ಕ ಓಡಿಹೋಗಿ ಸೊಂಟ ಹಿಡಿದೆಳೆದಾಗ ಟೀಚರ ಒಂದು ಪಾದ ಗಾಳಿಯಲ್ಲಿತ್ತು.

"ಟೀಚರೇ, ಅಲ್ಲಿ ಬರೆದಿದೆಯಲ್ಲಾ!"

"ಎಲ್ಲಮ್ಮಾ ಬರೆದಿದೆ? ಬರೀ ಹಲಗೆ ಹೊಡೆದಿದ್ದೀರಲ್ಲ."

ಅಕ್ಕ ಕಣ್ಣು ಮುಚ್ಚಿ ತಾವೇ ಮುಟ್ಟಿ ನೋಡಿದರು. ನುಣ್ಣಗಿತ್ತು. ಬಣ್ಣ ಹತ್ತಿತ್ತು, ಮರ ತಗ್ಗಿರಲಿಲ್ಲ. "ಕಣ್ಣಿಲ್ಲದವರಿಗೆ ಮಾಡೋ ಕೆಲಸಾನ ನಾನು ಕಣ್ಣಲ್ಲಿ ನೋಡಿ ಕೊಟ್ಟಿದ್ದೆ," ಎನ್ನುತ್ತಾರೆ. ಆವತ್ತೇ ಹಲಗೆ ಕಿತ್ತುಕೊಂಡು ಬಂದರು.

ಆಮೇಲೆ ಒಂದು ಮರದ ತುಂಡಿನ ಮೇಲೆ ಸಾಲಾಗಿ ಚೌಕಗಳನ್ನು ಸುಟ್ಟರು. ಒಂದಕ್ಕಿಂತ ಒಂದು ನಿಧಾನ, ಪ್ರತಿಯೊಂದರಲ್ಲೂ ನಾಲ್ಕಾರು ಚುಕ್ಕೆ. ಅದನ್ನು ಟೀಚರ ಮಡಿಲಿಗಿಟ್ಟರೆ, ಅವರ ಬೆರಳು ಅಂದದ ಚೌಕಗಳನ್ನೆಲ್ಲ ದಾಟಿ, ಮಸಿ ಹಿಡಿದು ತರಿತರಿಯಾದ ಕೊನೆಯದರ ಮೇಲೆ ನಿಂತಿತು. ಮಾರಾಟಗಾರ ನೋಡಿದ್ದರೆ ಹಾಳಾಯಿತು ಎನ್ನುತ್ತಿದ್ದ ಚೌಕ! ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ಕೂತರು. ಅದರ ವೇಗ ಅರವತ್ತು. ಆ ತುಂಡು ಈಗ ಯಂತ್ರದ ಮೇಲಿನ ಮೊಳೆಗೆ ನೇತಾಡುತ್ತಿದೆ.

ಯಂತ್ರ ನಿಲ್ಲುತ್ತದೆ. ಮಸಿ ಉಜ್ಜಿ, ಕಣ್ಣು ಮುಚ್ಚಿ ಸವರಿ, ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಕ್ಕ ಹೊರಡುತ್ತಾರೆ. ಯಜಮಾನರು ಅದನ್ನು ಬಿಗಿದು, ಯಾವುದಕ್ಕೂ ಇರಲಿ ಎಂದು ಎರಡು ಮೆಟ್ಟಿಲು ಕೆಳಗೆ ಕೈಚಾಚಿ ನಿಲ್ಲುತ್ತಾರೆ. ಟೀಚರ್ ಕೋಲೂರುತ್ತಾ ಬರುತ್ತಾರೆ, ಹಲಗೆ ಮುಟ್ಟುತ್ತಾರೆ, ನಿಲ್ಲುತ್ತಾರೆ.

"ಏನಮ್ಮಾ, ಉಸಿರೇ ಬಿಡ್ತಿಲ್ಲ? ನೀನು ಇಲ್ಲೇ ಇದ್ದೀಯ ಅಂತ ಹೊಗೆ ವಾಸನೇಲೇ ಗೊತ್ತಾಯ್ತು."

ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಹಾಗಾದ್ರೆ ನನ್ನ ವಾಸನೆಗೆ ನಿಂತ್ರೋ, ಬರಹಕ್ಕೆ ನಿಂತ್ರೋ? ಇದು ಲೆಕ್ಕಕ್ಕಿಲ್ಲ ಟೀಚರೇ. ಇನ್ನೊಂದು ಸಲ ಬನ್ನಿ, ನಾನಿಲ್ಲಿ ಇರಲ್ಲ," ಎಂದವರೇ ದಡದಡ ಇಳಿದು ಅಂಗಳಕ್ಕೆ ಬಂದು, ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಾರೆ.

ಮೇಲೆ ಕೋಲಿನ ಸದ್ದು ಹತ್ತಿರವಾಗುತ್ತದೆ. ಇನ್ನೂ ಹತ್ತಿರ. ಥಟ್ಟನೆ ನಿಲ್ಲುತ್ತದೆ. ತರಗತಿಯಲ್ಲಿ ಓದಿ ಹೇಳುವವರಂತೆ ಟೀಚರ್ ಗಟ್ಟಿಯಾಗಿ ಓದುತ್ತಾರೆ: "ಎಚ್ಚರ. ಮುಂದೆ ಮೆಟ್ಟಿಲು."

ಹೊಗೆಯಕ್ಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ. ಕೈಯ ಮಸಿ ಕೆನ್ನೆಗೂ ಹತ್ತಿದೆ, ಅವರಿಗದು ಗೊತ್ತಿಲ್ಲ.

"ನೋಡಿದ್ರಾ?" ಎನ್ನುತ್ತಾರೆ ಮೆಲ್ಲಗೆ, ಇಳಿದು ಬಂದ ಯಜಮಾನರಿಗೆ. "ನಾನಲ್ಲಿ ಇರ್ಲಿಲ್ಲ. ಆದ್ರೂ ನಿಂತ್ರು."