ಹತ್ತೊಂಬತ್ತನೆಯ ಪಾತ್ರೆ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ನೀರು ತುಂಬಿಡುವ ಪಾತ್ರೆಗಳು ಹತ್ತೊಂಬತ್ತು ಇದ್ದವು. ಎರಡು ತಾಮ್ರದ ಹಂಡೆ, ಆರು ಕೊಡ, ನಾಲ್ಕು ಬಕೀಟು, ಎರಡು ಹಿತ್ತಾಳೆಯ ತಪ್ಪೇಲಿ, ಪೀಪಾಯಿಯಂಥ ಒಂದು ಪಿಂಪು, ಒಂದು ಮಣ್ಣಿನ ಹರವಿ, ಬಚ್ಚಲಿನ ಬಾನಿ, ದೇವರ ಮುಂದಿನ ತಂಬಿಗೆ. ಇಲ್ಲಿಗೆ ಹದಿನೆಂಟು ಆಯಿತು. ಹತ್ತೊಂಬತ್ತನೆಯದು ನನ್ನ ಕಂಪ್ಯೂಟರು.

ನಗಬೇಡಿ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ಸಾಕ್ಷ್ಯವಿಲ್ಲದೆ ಮಾತಾಡುವ ಚಟ ನನಗಿಲ್ಲ. ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ಧಾರವಾಡದಲ್ಲಿ ಕೆಲಗೇರಿ ಕಡೆಗಿನ ನಮ್ಮ ಮನೆಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಎಂಟು ಎನ್ನುವುದು ಮಾತಿಗೆ. ಒಂಬತ್ತಾದರೆ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ, ಏಳಕ್ಕೇ ಬಂದರೆ ಮಾತ್ರ ಓಣಿಯವರೆಲ್ಲ ಅನುಮಾನದಿಂದ ನಳವನ್ನು ನೋಡುತ್ತಿದ್ದರು.

ನೀರು ಬಂದ ದಿನ ಮನೆಯ ಆಡಳಿತ ಪೂರ್ತಿ ಅವ್ವನ ಕೈಗೆ ಹೋಗುತ್ತಿತ್ತು. ಎಪ್ಪತ್ತೆರಡರ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳೆಂದರೆ ನಾನು, ನನ್ನ ಹೆಂಡತಿ ಸರೋಜಾ ಇಬ್ಬರೂ ಸಿಪಾಯಿಗಳು. ಅವ್ವನ ಕಾಯದೆ ಒಂದೇ: ಹೊಸ ನೀರು ಬಂದ ಮೇಲೆ ಹಳೆಯ ನೀರಿಗೆ ಮನೆಯೊಳಗೆ ಜಾಗವಿಲ್ಲ. ಕೊಡ ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, ಅದನ್ನು ಗಿಡಗಳಿಗೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಅರಿವೆ ಕಟ್ಟಿ ಸೋಸಿ ಹೊಸದನ್ನು ತುಂಬಬೇಕು. ಎಂಟು ದಿನ ಹನಿ ಹನಿಗೆ ಲೆಕ್ಕ ಹೇಳುವ ಹೆಂಗಸು ಒಂಬತ್ತನೆಯ ದಿನ ಕೊಡಗಟ್ಟಲೆ ನೀರು ಚೆಲ್ಲುವುದನ್ನು ನೋಡಿ ನಾನು ಒಮ್ಮೆ ವಾದಕ್ಕೆ ಇಳಿದಿದ್ದೆ. ನಿನ್ನೆ ಉಂಡ ತಾಟಿನಲ್ಲೇ ಇವತ್ತು ಉಣ್ಣುತ್ತೀಯಾ ಎಂದು ಕೇಳಿದಳು. ಇತಿಹಾಸದ ಪದವಿಗಳೆಲ್ಲ ಅಲ್ಲಿಗೆ ಮುಗಿದವು.

ಈ ನೀರಿನ ಕೆಲಸ ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಹಿಂದಿನ ವರ್ಷ ನಮ್ಮ ಬಳಗದಲ್ಲಿ ಒಂದು ನಿಶ್ಚಯದ ಊಟಕ್ಕೆ ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ಪಂಕ್ತಿಯಲ್ಲಿ ಕೂತ ಯಾರೋ ಒಬ್ಬರು, ಸಾರಿನಲ್ಲಿ ಕಾರವಾರದ ಸಮುದ್ರ ಸಿಕ್ಕಿತು ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವ ನಗಲಿಲ್ಲ. ಮರುದಿನದಿಂದ ಸೌಟು ಹಿಡಿಯಲಿಲ್ಲ. ಎಷ್ಟು ಕರೆದರೂ ಒಲೆಯ ಹತ್ತಿರ ಬರಲಿಲ್ಲ. ಸರೋಜಾಳಿಗೆ ಒಂದೇ ಮಾತು ಹೇಳಿದಳು: “ಇನ್ನ ನನಗ ನೀರಿಂದಷ್ಟ ಉಳದೈತಿ. ಅದರಾಗೂ ತಪ್ಪಿದೆ ಅಂದ್ರ ಮೂಲ್ಯಾಗ ಕುಂಡ್ರಸಿ ಬಿಡ್ರಿ.” ಅವ್ವ ಸುಮ್ಮನೆ ಮಾತು ಆಡುವವಳಲ್ಲ, ಆಡಿದರೆ ಮಾಡುವವಳು. ಹಾಗಾಗಿ ನೀರಿನ ವಿಷಯದಲ್ಲಿ ಅವಳ ಕೈಯಿಂದ ಏನೂ ತಪ್ಪಾಗಬಾರದು, ಒಂದು ವೇಳೆ ಆದರೂ ಅದು ಅವಳ ಕಿವಿಗೆ ಬೀಳಬಾರದು ಎಂದು ನಾವಿಬ್ಬರೂ ನಿರ್ಧರಿಸಿಕೊಂಡಿದ್ದೆವು.

ಇಂಥ ಮನೆಗೆ ನೀರಿನ ಕಂಪ್ಯೂಟರು ಏಕೆ ಬಂತು ಎಂದರೆ, ನನ್ನ ಓದುವ ಕೋಣೆ ಮಾಳಿಗೆಯ ಮೇಲೆ ತಗಡಿನ ಕೆಳಗಿತ್ತು. ಮೊದಲಿದ್ದ ಕಂಪ್ಯೂಟರು ಬೇಸಿಗೆಯ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಮೂರ್ಛೆ ಹೋಗುತ್ತಿತ್ತು. ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿ ನಾನು ಬೆವರುತ್ತ ಕೂತೆ. ಒಮ್ಮೆ ಸರೋಜಾ ಬಂದಾಗ ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ತನಗೆ ಒಂದು ದಿನವೂ ಬೀಸಣಿಗೆ ಬೀಸಲಿಲ್ಲ ಎಂದು ಅವಳು ಮೆತ್ತಗೆ ನೆನಪಿಸಿದಳು. ಆ ವಾರವೇ ಹುಬ್ಬಳ್ಳಿಗೆ ಹೋದೆ.

ಅಂಗಡಿಯ ಶಾಂತವೀರಪ್ಪನವರು ಮೂಲತಃ ಹತ್ತಿ ವ್ಯಾಪಾರದವರು. ಅಡತಿ ಅಂಗಡಿಯ ಅರ್ಧ ಭಾಗದಲ್ಲಿ ಗೋಡೆ ಎಬ್ಬಿಸಿ ಕಂಪ್ಯೂಟರು ಮಾರುತ್ತಿದ್ದರು. ಗಾದಿಯ ಮೇಲೆ ಲೋಡಿಗೆ ಒರಗಿ ಕೂತು, ಕೀಬೋರ್ಡನ್ನೂ ಹತ್ತಿಯ ಎಳೆಯಂತೆ ಎರಡು ಬೆರಳಲ್ಲಿ ಹಿಸುಕಿ ನೋಡಿಯೇ ದರ ಹೇಳುತ್ತಿದ್ದರು. ನನ್ನ ತಗಡಿನ ಕಷ್ಟ ಕೇಳಿ ಒಳಗಿನಿಂದ ಒಂದು ಯಂತ್ರ ತರಿಸಿದರು. ಮಗ್ಗುಲಿಗೆ ಗಾಜಿನ ಬರಣಿಯಂಥ ಒಂದು ಟಾಕಿ, ಅದರ ತುಂಬ ಪಚ್ಚೆ ಹಸಿರು ನೀರು, ಅಲ್ಲಿಂದ ಯಂತ್ರದ ಹೊಟ್ಟೆಯೊಳಗೆ ಹೋಗಿ ಬರುವ ಎರಡು ಕೊಳವೆ. ಬಿಸಿಯಾದ ಭಾಗಗಳ ಮೇಲೆ ಈ ನೀರು ಸುತ್ತುತ್ತದೆ, ಯಂತ್ರ ತಂಪಾಗಿರುತ್ತದೆ, ಇಡೀ ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದರು. ಯಾಕೆ ಇನ್ನೊಂದಿಲ್ಲ ಎಂದು ಆಗ ನಾನು ಕೇಳಬೇಕಿತ್ತು.

ಆಮೇಲೆ ಅವರು ಒಂದು ಕಾಗದ ಮುಂದೆ ಸರಿಸಿದರು. ವರ್ಷದ ವಾರಂಟಿ ಹೇಗೂ ಇದೆ, ಸ್ವಲ್ಪ ಹೆಚ್ಚು ಕೊಟ್ಟರೆ ಇನ್ನೂ ಮೂರು ವರ್ಷ ಮುಂದಕ್ಕೆ ಹೋಗುತ್ತದೆ. ಇಲ್ಲಿ ನನ್ನೊಳಗಿನ ಮೇಷ್ಟರು ಎಚ್ಚರಾದರು. ನಮ್ಮ ಹಳೆಯ ಶಾಸನಗಳನ್ನು ನೋಡಿದ್ದೀರಲ್ಲ, ದಾನ ಕೊಟ್ಟ ರಾಜ ಸೂರ್ಯ ಚಂದ್ರರು ಇರುವ ತನಕ ಇದು ನಡೆಯಲಿ ಎಂದು ಕೆತ್ತಿಸುತ್ತಿದ್ದ. ಅದಕ್ಕಿಂತ ದೊಡ್ಡ ವಾರಂಟಿಯನ್ನು ಯಾವ ಕಂಪನಿಯೂ ಇನ್ನೂ ಕೊಟ್ಟಿಲ್ಲ. ತಪ್ಪಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟಲಿ ಎಂಬ ಶಾಪವನ್ನೂ ಅದರ ಕೆಳಗೇ ಕೆತ್ತಿಸುತ್ತಿದ್ದ. ಮುಖ್ಯವಾದ ಮಾತೆಂದರೆ ಕಲ್ಲಿನ ಮೇಲೆ ಅಕ್ಷರಗಳೆಲ್ಲ ಒಂದೇ ಗಾತ್ರ. ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಷರತ್ತು ಕೆತ್ತು ಎಂದರೆ ರೂವಾರಿ ಉಳಿ ಬಿಸಾಕಿ ಎದ್ದು ಹೋಗುತ್ತಿದ್ದ. ಇದನ್ನೆಲ್ಲ ಶಾಂತವೀರಪ್ಪನವರಿಗೆ ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿ ಪೆನ್ನು ಕೊಟ್ಟರು. ನಾನು ಸಣ್ಣ ಅಕ್ಷರ ಓದದೆ ಸಹಿ ಹಾಕಿದೆ.

ಮನೆಗೆ ಬಂದ ಯಂತ್ರವನ್ನು ನೋಡಲು ಓಣಿಯೇ ಬಂತು. ಗುಳುಗುಳು ಸದ್ದು ಕೇಳಿ ಒಬ್ಬರು ಇದಕ್ಕೆ ಹೊಟ್ಟೆ ಕೆಟ್ಟಿದೆಯೇ ಎಂದರು. ಇನ್ನೊಬ್ಬರು ದಿನಕ್ಕೆ ಎಷ್ಟು ಕೊಡ ಕುಡಿಯುತ್ತದೆ ಎಂದು ಆತಂಕದಿಂದ ವಿಚಾರಿಸಿದರು, ಏಕೆಂದರೆ ನಮ್ಮಿಬ್ಬರ ಮನೆಗೂ ನಳದ ಲೈನು ಒಂದೇ. ನಾನು ಎದೆಯುಬ್ಬಿಸಿ, ಇದಕ್ಕೆ ಒಮ್ಮೆ ತುಂಬಿದರೆ ಒಂದು ವರ್ಷ ನೀರು ಬದಲಿಸುವುದು ಬೇಡ ಎಂದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಹಸಿರು ನೀರನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಕೆಳಗೆ ಹೋದಳು. ಆ ನೋಟದ ಅರ್ಥವನ್ನು ನಾನು ತಿಳಿದುಕೊಳ್ಳಬೇಕಿತ್ತು.

ಮೂರನೆಯ ತಿಂಗಳು, ನೀರು ಬಂದ ಮರುದಿನ, ಕಾಲೇಜಿನಿಂದ ಬಂದು ಯಂತ್ರದ ಗುಂಡಿ ಒತ್ತಿದೆ. ಚರ್ ಎಂದಿತು, ಸುಟ್ಟ ರಬ್ಬರಿನ ವಾಸನೆ ಬಂತು, ಅಷ್ಟೇ. ಬಗ್ಗಿ ನೋಡಿದರೆ ಟಾಕಿಯಲ್ಲಿ ಹಸಿರು ಬಣ್ಣವೇ ಇಲ್ಲ. ಗಾಜನ್ನು ಯಾರೋ ಚೆನ್ನಾಗಿ ತಿಕ್ಕಿ ತೊಳೆದಿದ್ದಾರೆ, ಒಳಗೆ ನಮ್ಮ ನಳದ ತಿಳಿನೀರು. ಪಕ್ಕದಲ್ಲಿ ಹಸಿರು ನೀರು ಮೊಗೆದ ಒಗ್ಗರಣೆಯ ಸೌಟು. ಕಿಟಕಿಯಾಚೆ ದಾಸವಾಳದ ಕುಂಡದಲ್ಲಿ ಮಣ್ಣು ಹಸಿರಾಗಿತ್ತು. ಸರೋಜಾಳನ್ನು ಕರೆದೆ. ಇಬ್ಬರೂ ಟಾಕಿ ನೋಡಿದೆವು, ಸೌಟು ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಂತ್ರ ಹೋದದ್ದಕ್ಕೆ ಹೊಟ್ಟೆ ಉರಿಯಿತು, ಖರೆ. ಆದರೆ ಕೆಳಗಿನಿಂದ ಅವ್ವ ಕೊಡ ಸರಿಸುವ ಸದ್ದು ಕೇಳಿದಾಗ ಭಯವೇ ಆಯಿತು. ಗೊತ್ತಾದರೆ ಅವಳು ಆ ಕೊಡವನ್ನು ಕೆಳಗಿಡುತ್ತಾಳೆ, ಮತ್ತೆ ಎತ್ತುವುದಿಲ್ಲ.

ಆಮೇಲಿನ ಎಂಟು ದಿನ ನಾವು ಆಡಿದ ನಾಟಕವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಂಪ್ಯೂಟರು ಏಕೆ ಸುಮ್ಮನಿದೆ ಎಂದು ಅವ್ವ ಕೇಳಿದಾಗ, ಪರೀಕ್ಷೆ ಮುಗಿದಿದೆ, ಅದಕ್ಕೂ ಸೂಟಿ ಎಂದೆ. ಅವಳು ಮಾಳಿಗೆ ಹತ್ತುವ ಸದ್ದಾದರೆ ಸತ್ತ ಯಂತ್ರದ ಮುಂದೆ ಕೂತು ಟಕಟಕ ಕೀಲಿ ಒತ್ತುತ್ತಿದ್ದೆ. ಸರೋಜಾ ಗುಳುಗುಳು ಸದ್ದು ಬರಲೆಂದು ಪಕ್ಕದ ಕೋಣೆಯಲ್ಲಿ ತಂಬಿಗೆಯಿಂದ ತಂಬಿಗೆಗೆ ನೀರು ಸುರಿಯುತ್ತಿದ್ದಳು. ನೀರು ಹಾಳು ಮಾಡುತ್ತೀಯಲ್ಲ ಎಂದು ಅವ್ವ ಅವಳಿಗೆ ಬೈದಳು.

ಈ ಮಧ್ಯೆ ವಾರಂಟಿ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದೆ. ಒಳಗಿನ ಕೊಳವೆಗಳ ಕೀಲು ತಾನಾಗಿ ಸೋರಿ ಹಾನಿಯಾದರೆ ಹೊಸ ಯಂತ್ರ ಕೊಡುತ್ತಾರಂತೆ. ಗಿರಾಕಿ ಬೇರೆ ನೀರು ತುಂಬಿದ್ದರಿಂದ ಹಾನಿಯಾದರೆ ಏನೂ ಇಲ್ಲ. ಎರಡು ವಾಕ್ಯ, ನಡುವೆ ನನ್ನ ಅವ್ವ. ಹಾಗಿದ್ದೂ ಹುಬ್ಬಳ್ಳಿಗೆ ಫೋನು ಮಾಡಿದೆ. ಅವ್ವ ಪುರಾಣಕ್ಕೆ ಹೋಗುವ ಗುರುವಾರ ಸಂಜೆ ನಾಲ್ಕಕ್ಕೆ ಎಂಜಿನಿಯರ್ ಬರಲಿ ಎಂದು ಗೊತ್ತು ಮಾಡಿದೆ.

ಎಂಜಿನಿಯರ್ ಈರಣ್ಣ ಗಬ್ಬೂರಿನವನು, ಮೂವತ್ತರ ಆಸುಪಾಸು, ಮಾತು ಕಡಿಮೆ. ನಾಲ್ಕಕ್ಕೆ ಸರಿಯಾಗಿ ಬಂದ. ಪುರಾಣ ಹೇಳುವ ಸ್ವಾಮಿಗಳಿಗೆ ಮಾತ್ರ ಅಂದು ಗಂಟಲು ಕಟ್ಟಿತ್ತು. ಈರಣ್ಣ ಟಾಕಿಯ ಮುಚ್ಚಳ ತೆಗೆದು ಬೆರಳದ್ದಿ ಮೂಸುವ ಹೊತ್ತಿಗೆ ಅವ್ವ, ಸರೋಜಾ ಸೋಸಿಟ್ಟಿದ್ದ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇದು ನಳದ ನೀರು ಐತ್ರಿ ಸರ್. ಯಾರ ತುಂಬಿದ್ರು?” ಎಂದ ಈರಣ್ಣ.

ಕೋಣೆ ಒಮ್ಮೆಲೇ ಇಕ್ಕಟ್ಟಾದಂತೆ ಅನಿಸಿತು. ವಾರಂಟಿ, ಹೊಸ ಯಂತ್ರ, ತಗಡಿನ ಸೆಕೆ ಎಲ್ಲ ಕಣ್ಣ ಮುಂದೆ ಹಾದು ಹೋದವು. ನನ್ನ ಬಾಯಿಂದ ತಾನಾಗಿ, “ನಾನ ತುಂಬೇನ್ರಿ” ಎಂದು ಬಂತು. ಜೀವನದಲ್ಲಿ ಒಮ್ಮೆಯಾದರೂ ದೊಡ್ಡ ಕೆಲಸ ಮಾಡಿದೆ ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ಆ ಹೆಮ್ಮೆಗೆ ಅರ್ಧ ನಿಮಿಷದ ವಾರಂಟಿಯೂ ಇರಲಿಲ್ಲ.

“ಇವಾ ಎಲ್ಲಿ ತುಂಬಿದಾ? ಇವಗ ಒಂದು ತಂಬಿಗಿ ಸೋಸಾಕ ಬರಂಗಿಲ್ಲ” ಎಂದಳು ಅವ್ವ. “ನಾ ತುಂಬೇನಿ.”

ಸರೋಜಾ ಗೋಡೆಗೆ ಒರಗಿದಳು. ಈರಣ್ಣ ಪೆನ್ನು ತೆಗೆದು ಕಾಗದದ ಮೇಲೆ ಇಟ್ಟ. ಹಾಗಾದರೆ ವಾರಂಟಿ ನಡೆಯುವುದಿಲ್ಲ ಎಂದು ಅವನು ಸಂಕೋಚದಿಂದಲೇ ಹೇಳಿದ. ಬೇರೆ ನೀರು ಹಾಕಿದ್ದಕ್ಕೆ ಯಂತ್ರ ಹಾಳಾಗಿದೆ ಎಂಬ ಮಾತೂ ಅದರ ಹಿಂದೆಯೇ ಬಂತು. ನಾನು ಎಂಟು ದಿನ ಕೀಲಿ ಕುಟ್ಟಿ ಮುಚ್ಚಿಟ್ಟದ್ದು ಅವ್ವನ ಎದುರಿಗೇ ಬಿದ್ದಿತ್ತು.

ಅವ್ವ ಕಪ್ಪನ್ನು ಮೇಜಿನ ಮೇಲಿಟ್ಟಳು. ಹೊರಗೆ ಹೋದಳು. ಮುಗಿಯಿತು, ಮೂಲೆಯಲ್ಲಿ ಕೂರಲು ಹೋದಳು ಎಂದುಕೊಂಡೆ. ಆದರೆ ಅವಳು ತಂತಿಯ ಮೇಲಿನ ಒಂದು ಒರೆಸುವ ಅರಿವೆ ತಂದು ಈರಣ್ಣನ ಮುಂದೆ ಹಾಸಿದಳು. ಹಳೆಯ ಬಿಳಿ ಧೋತರದ ತುಂಡು ಅದು, ಅದರ ಮೇಲೆ ಉದ್ದಕ್ಕೂ ಒಣಗಿದ ಹಸಿರು ಕಲೆಗಳು.

“ಇದು ಯಾವಾಗಿಂದು ಹೇಳ್ರಿ ನೋಡೂಣು. ನಾ ಹಸರು ನೀರು ಚೆಲ್ಲೂಕಿಂತ ಹದಿನೈದು ದಿನಾ ಮೊದಲ ಈ ಮೇಜಿನ ಮ್ಯಾಲ ಹಸರು ಹನಿ ಬೀಳತಿದ್ದು. ದಿನಾ ಒರಸೇನಿ. ಬರಣ್ಯಾಗ ನೀರು ಇಳಕೋತ ಬಂತು, ಇದ್ದದ್ದು ಪಾಚಿ ಕಟ್ಟಿತ್ತು, ಅದಕ್ಕ ತೊಳದು ಹೊಸಾದು ತುಂಬಿದೆ. ನಾ ಮುಚ್ಚಳ ತಗದಿದ್ದು ಮ್ಯಾಲ. ಸೋರಿದ್ದು ಕೆಳಗ. ಅರವತ್ತು ವರ್ಷ ಕೊಡ ಹೊತ್ತೇನಿ, ಯಾವ ಹನಿ ಎಲ್ಲಿಂದ ಬಂತು ಅಂತ ನನಗ ಕಲಸ್ತೀರೇನು?”

ಈರಣ್ಣ ಬ್ಯಾಟರಿ ಹಚ್ಚಿ ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದ. ಬಹಳ ಹೊತ್ತು ತೆಗೆಯಲಿಲ್ಲ. ಕೆಳಗಿನ ಕೀಲಿನ ಬುಡದಿಂದ ತಳದ ತನಕ ಒಣಗಿದ ಒಂದು ಹಸಿರು ಗೆರೆ ಇತ್ತು. ಕೀಲಿನ ಪಟ್ಟಿಯನ್ನು ಕಿರುಬೆರಳಲ್ಲಿ ಮುಟ್ಟಿದರೆ ಬಳೆಯ ಹಾಗೆ ತಿರುಗುತ್ತಿತ್ತು. ಕೂಡಿಸುವಾಗಲೇ ಅದನ್ನು ಬಿಗಿ ಮಾಡಿರಲಿಲ್ಲ. ತಂದ ದಿನದಿಂದ ನನ್ನ ಹೆಮ್ಮೆ ಹನಿ ಹನಿಯಾಗಿ ಸೋರುತ್ತಲೇ ಇತ್ತು. ಹಸಿರೇ ಇರಲಿ, ಗಂಗಾಜಲವೇ ಇರಲಿ, ಯಂತ್ರ ಸಾಯುವುದಿತ್ತು ಎಂದು ಈರಣ್ಣ ಒಪ್ಪಿಕೊಂಡ. ಅವ್ವ ಅವನಿಗೆ ಇನ್ನೊಂದು ಮಾತು ಕೇಳಿದಳು. ಕುಂಬಾರನ ಹತ್ತಿರ ಕೊಡ ತಂದು, ಅದು ಸೋರಿ, ತಿರುಗಿ ಒಯ್ದರೆ ಅವನು ಯಾರ ನೀರು ತುಂಬಿದ್ದಿರಿ ಎಂದು ಕೇಳುತ್ತಾನೆಯೇ? ಈರಣ್ಣ ಪೆನ್ನು ಎತ್ತಿಕೊಂಡ. ಕಾಗದದಲ್ಲಿ ಕೀಲಿನ ದೋಷ ಎಂದು ಬರೆದ. ದೋಷ ಪತ್ತೆ ಮಾಡಿದವರು ಎಂಬ ಜಾಗದಲ್ಲಿ ತನ್ನ ಹೆಸರು ಬರೆಯಲು ಹೋಗಿ ನಿಂತ, ಕಾಗದವನ್ನು ಅವ್ವನ ಕಡೆ ತಿರುಗಿಸಿದ. ಅವಳು ಕನ್ನಡಕ ಹಾಕಿಕೊಂಡು ಶಿವಲಿಂಗವ್ವ ಎಂದು ನಿಧಾನಕ್ಕೆ ಸಹಿ ಹಾಕಿದಳು. ಅರಿವೆಯನ್ನೂ ಪುರಾವೆಯಾಗಿ ಅವನು ಕೇಳಿದಾಗ ಮಾತ್ರ, ಒಗೆದು ಕೊಡುತ್ತೇನೆ ಎಂದಳು. ಹಾಗೇ ಕೊಡಬೇಕು ಎಂದು ಒಪ್ಪಿಸಲು ನಮಗೆ ಮೂವರಿಗೂ ಸಾಕಾಯಿತು.

ಈಗ ಯಾರಾದರೂ ಮುಂದುವರಿದ ವಾರಂಟಿ ಕೊಳ್ಳಲೇ ಎಂದು ನನ್ನನ್ನು ಕೇಳುತ್ತಾರೆ. ಕೊಳ್ಳಿ, ಆದರೆ ಕಾಗದ ತಾನಾಗಿ ಏನೂ ಮಾಡುವುದಿಲ್ಲ, ಹನಿ ಬಿದ್ದದ್ದನ್ನು ಕಂಡವರು ಮನೆಯಲ್ಲಿ ಒಬ್ಬರು ಬೇಕು ಎನ್ನುತ್ತೇನೆ. ಹದಿನೈದು ದಿನದ ಸಂಗತಿ ನನಗೇಕೆ ಹೇಳಲಿಲ್ಲ ಎಂದು ಅಂದು ಸಂಜೆ ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. “ಭಾಳ ಹೆಮ್ಮಿಲೆ ತಂದಿದ್ದಿ. ಸೋರತೈತಿ ಅಂತ ಹ್ಯಾಂಗ ಹೇಳ್ಲಿ?” ಎಂದಳು. ನಾನು ಹೇಳದೆ ಮುಚ್ಚಿಟ್ಟದ್ದೂ ಅದೇ ಕಾರಣಕ್ಕೆ ಎಂದು ತೊದಲಿದೆ. ಆ ಟಕಟಕ, ಆ ಗುಳುಗುಳು ಎಲ್ಲ ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಒಂದು ಕಲ್ಲು ಆರಿಸಿ ಬದಿಗಿಟ್ಟು ಅವ್ವ ನನ್ನ ಮುಖ ನೋಡಿದಳು.

“ಉಳಿದದ್ದು ಇರಲಿ. ನಾನ ತುಂಬೇನಿ ಅಂತ ನೀ ಸುಳ್ಳು ಹೇಳಿದ್ಯಲ್ಲ, ಆಗ ನನಗ ನಾ ಮುದುಕಿ ಆದೆ ಅನಿಸ್ತು. ಇನ್ನೊಮ್ಮೆ ನನ್ನ ಸಲುವಾಗಿ ಸುಳ್ಳು ಹೇಳೂದಿದ್ರ, ನಾ ತಪ್ಪು ಮಾಡೇನೇನು ಅಂತ ಮೊದಲ ನನ್ನ ಕೇಳು.”