ಸೊಂಟದ ಬೀಗದಕೈ

ಮೊನ್ನೆ ಭಾನುವಾರ ಬೆಳಿಗ್ಗೆ, ಮಾರನೆಯ ದಿನದ ಪೂಜೆಗೆಂದು ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಪಕ್ಕದ ಮನೆಯ ಗಿರಿಜಮ್ಮ ಬಾಗಿಲಲ್ಲೇ ನಿಂತು, "ವಿಷ್ಯ ಗೊತ್ತಾಯ್ತೇನ್ರೀ? ಕೊನೇ ಮನೆ ಮಹಾದೇವಿ ಮನೆ ಖಾಲಿ ಮಾಡ್ತಾಳಂತೆ, ನೀರು ಸಿಗಲ್ಲ ಅಂತ" ಎಂದರು. ನನ್ನ ಕೈ ದೀಪದ ಮೇಲೇ ನಿಂತಿತು. ಏಕೆಂದರೆ ನಮ್ಮ ವಠಾರದ ನೀರು ಇರುವುದು ನನ್ನ ಸೊಂಟದಲ್ಲಿ.

ಹಾಗೆಂದರೆ ಏನೆಂದು ಹೇಳುತ್ತೇನೆ. ರಾಮಮೂರ್ತಿ ನಗರದ ಈ ವಠಾರದಲ್ಲಿ ಆರು ಬಾಡಿಗೆ ಮನೆಗಳು. ಮೋಟಾರ್ ಹಾಕಿದರೆ ಅಂಗಳದ ನಲ್ಲಿಯಲ್ಲಿ ದಿನಕ್ಕೆ ಅರ್ಧ ಗಂಟೆ ನೀರು. ಒಂಬತ್ತು ವರ್ಷದ ಹಿಂದೆ ಓನರ್ ಮೋಟಾರ್ ಪೆಟ್ಟಿಗೆಯ ಬೀಗದಕೈ ನನಗೆ ಕೊಟ್ಟು, "ದೇವ್ರು ದಿಂಡ್ರು ಅನ್ನೋರು, ನೀವೇ ಇಟ್ಕೊಳ್ಳಿ" ಎಂದಿದ್ದರು. ದೇವರೇ ಕೊಟ್ಟ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸ್ನಾನ, ಪೂಜೆ, ಮಂಗಳಾರತಿ ಎಲ್ಲ ಮುಗಿಸಿ ಎಂಟೂವರೆಗೆ ಮೋಟಾರ್ ಹಾಕುವುದು ನನ್ನ ಪದ್ಧತಿ. ಕಲಬುರಗಿ ಕಡೆಯ ಮಹಾದೇವಿ, ಅವಳ ಗಂಡ ಇಬ್ಬರೂ ಏಳಕ್ಕೆಲ್ಲ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಗೆ ಹೊರಟಿರುತ್ತಾರೆ. "ಅಕ್ಕಾರ, ಸ್ವಲ್ಪ ಲಗೂನ ಹಾಕ್ರಿ" ಎಂದು ಎರಡು ಸಲ ಕೇಳಿದ್ದಳು. "ಪೂಜೆ ಮುಗೀಲಿ ಕಣಮ್ಮ" ಎಂದಿದ್ದೆ. ದೊಡ್ಡ ಭಕ್ತೆ ನಾನು!

ದೀಪ ಹಿಡಿದು ಕೂತವಳಿಗೆ ನೆನಪಾದದ್ದು ಮಗಳ ಪರೀಕ್ಷೆ. ಹೋದ ವರ್ಷ ಅವಳು ರಾಜ್ಯಶಾಸ್ತ್ರ ಓದುವಾಗ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ಅದರಲ್ಲಿ ಮುನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಇಂಗ್ಲಿಷ್ ತತ್ವಜ್ಞಾನಿ ಬರುತ್ತಾನೆ. ರಾಜನನ್ನು ದೇವರೇ ಕೂರಿಸಿದ್ದು, ಅವನು ಪ್ರಜೆಗಳಿಗೆ ತಂದೆಯ ಹಾಗೆ, ಎದುರಾಡಬಾರದು ಎನ್ನುತ್ತಿದ್ದ ಕಾಲ ಅದು. ಈ ಮನುಷ್ಯ, ಅವನೂ ದೈವಭಕ್ತನೇ, ಹಾಗಲ್ಲ ಎಂದ. ನಾವೆಲ್ಲ ದೇವರು ಮಾಡಿದವರು, ಒಬ್ಬರನ್ನು ಇನ್ನೊಬ್ಬರ ತಲೆಯ ಮೇಲೆ ಕೂರಿಸಿ ಅವನು ಕಳಿಸಿಲ್ಲ. ಆಳುವವರ ಅಧಿಕಾರ ಜನ ಒಪ್ಪಿ ಕೊಟ್ಟದ್ದು, ನಂಬಿಕೆ ಕೆಡಿಸಿದರೆ ಜನವೇ ವಾಪಸ್ ತೆಗೆದುಕೊಳ್ಳಬಹುದು ಎಂದ. ಮಕ್ಕಳ ಮೇಲೆ ಅಪ್ಪನಷ್ಟೇ ಅಮ್ಮನಿಗೂ ಹಕ್ಕಿದೆ ಎಂದೂ ಬರೆದಿದ್ದಾನಂತೆ.

"ಅವನ ಹೆತ್ತಮ್ಮ ಎಂಥ ಪುಣ್ಯಾತ್ಗಿತ್ತಿಯೋ!" ಎಂದೆ.

"ಅಮ್ಮಾ, ಅವರಮ್ಮ ಎಕ್ಸಾಮಲ್ಲಿ ಬರಲ್ಲ, ಮುಂದಿನ ಪ್ರಶ್ನೆ ಕೇಳು" ಎಂದಳು ಮಗಳು.

ನನಗೋ ಮೈ ಜುಮ್ಮೆಂದಿತ್ತು. ರಾಜನಿಗೆ ಹೆದರುತ್ತ ಎಲ್ಲೋ ಕೂತು ಒಬ್ಬ ಬರೆದ ಮಾತು ಸಮುದ್ರ ದಾಟಿ, ದೇಶದೇಶಗಳ ಕಾನೂನಿನೊಳಗೆ ಸೇರಿ, ನಮ್ಮ ಬೀದಿ ಶಾಲೆಯ ಮತಗಟ್ಟೆಯವರೆಗೆ ಬಂದಿದೆಯಲ್ಲ! ಅಲ್ಲಿ ಓನರ್ ಬೆರಳಿಗೂ ನನ್ನ ಬೆರಳಿಗೂ ಒಂದೇ ಶಾಯಿ. ಆರು ಮನೆ ಇದೆಯೆಂದು ಅವರಿಗೆ ಆರು ಓಟಿಲ್ಲ. ರಾತ್ರಿ ಮಲಗುವ ಮುಂಚೆ ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ನೆನೆಯುವ ಅಭ್ಯಾಸ ನನಗೆ. ಅಂದು ಆ ಶಾಯಿಯ ಗೆರೆಯನ್ನೂ ನೆನೆದೆ. ಸೊಂಟದ ಬೀಗದಕೈ ಮಾತ್ರ ನೆನಪಾಗಲಿಲ್ಲ ನೋಡಿ.

ಮೊನ್ನೆ ಭಾನುವಾರ ಅದು ನೆನಪಾಯಿತು. ಹುಣಸೆ ಕೈಯಲ್ಲೇ ಎದ್ದು, ಉಳಿದ ಐದೂ ಮನೆಯವರನ್ನು ಕೂಗಿ ಕರೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಗದಕೈ ಇಟ್ಟೆ. "ಇದು ಯಾರ ಹತ್ರ ಇರ್ಬೇಕು, ನೀವೇ ಹೇಳಿ" ಎಂದೆ.

"ಏನ್ರೀ, ಎಲೆಕ್ಷನ್ನಾ? ಸೀರೆ ಹಂಚ್ತೀರಾ?" ಎಂದು ಗಿರಿಜಮ್ಮ ನಕ್ಕರು. ಬೇರೆ ಯಾರೂ ನಗಲಿಲ್ಲ. ಕೊಟ್ಟುಬಿಡಬೇಕೆಂದು ಬಂದವಳಿಗೇ ಅದು ಬೇಕೆನಿಸುತ್ತಿತ್ತು.

ಕೊನೆಗೆ ಮಹಾದೇವಿ ಅದನ್ನು ಎತ್ತಿಕೊಂಡಳು. ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡು ಸುತ್ತ ಎಲ್ಲರ ಮುಖ ನೋಡಿದಳು. ಎಲ್ಲರೂ ತಲೆಯಾಡಿಸಿದರು. ನನ್ನ ಕೈಗಿಟ್ಟಳು.

"ನಿಮ್ಮ ಕಡೀನ ಇರ್ಲಿ ಅಕ್ಕಾರ. ಆದ್ರ ಆರಕ್ಕ ನೀರು ಬಿಡಬೇಕು. ಬಿಡ್ಲಿಲ್ಲಂದ್ರ ನಾವ ಇಸ್ಕೊಂತೀವಿ."

"ಮತ್ತೆ ಮನೆ?"

"ನೀರು ಬಂದ್ರ ಯಾಕ್ ಬಿಡ್ಲಿ?"

ಅದೇ ಬೀಗದಕೈ. ಆದರೂ ಹೊಸದಾಗಿ ಕೈಗೆ ಬಂದಂತಿತ್ತು. ಇನ್ನು ಮೊದಲು ಆರು ಗಂಟೆಗೆ ನೀರು, ಆಮೇಲೆ ಪೂಜೆ. ಸ್ವಾಮಿ ಕಾಯುತ್ತಾನೆ, ಅವನಿಗೆ ಫ್ಯಾಕ್ಟರಿ ಇಲ್ಲ.

ಒಳಗೆ ಬಂದಾಗ ಹುಣಸೆಹಣ್ಣು ಒಣಗಿ ದೀಪಕ್ಕೆ ಅಂಟಿಕೊಂಡಿತ್ತು. ಒಂದು ಹನಿ ನೀರು ಚಿಮುಕಿಸಿ ಮತ್ತೆ ಉಜ್ಜಲು ಕೂತೆ.