ಟೋಪಿಯ ಕಲ್ಲು, ವೀಳ್ಯದೆಲೆಯ ಹನುಮಪ್ಪ

ಲಾಸ್ ಏಂಜಲೀಸಿನಿಂದ ಎರಡು ಗಂಟೆ ದಾರಿಯ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಇಂದುಧರನಿಗೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕ ಹುಡುಗರಿಬ್ಬರು ಬಾಗಿಲು ತಟ್ಟಿದರೆ ಹಬ್ಬ. ಬಿಳಿ ಅಂಗಿ, ಟೈ ತೊಟ್ಟ ಆ ಇಬ್ಬರನ್ನು ಕೂರಿಸಿ, ಪಾನಕ ಕೊಟ್ಟು, ಅವರ ಪಂಥದ ಸ್ಥಾಪಕನ ಜನ್ಮ ಜಾಲಾಡುತ್ತಿದ್ದ. ಆ ಸ್ಥಾಪಕ ಮೊದಲು ನಿಧಿ ಹುಡುಕಿಕೊಡುತ್ತೇನೆಂದು ತಿರುಗಿದವನು, ಟೋಪಿಯೊಳಗೆ ಕಲ್ಲಿಟ್ಟು, ಮುಖ ಹುದುಗಿಸಿ, ಕಂಡದ್ದನ್ನು ಹೇಳುತ್ತಿದ್ದವನು, ಧರ್ಮಗ್ರಂಥವನ್ನೂ ಹಾಗೆಯೇ ಬರೆಸಿದನಂತೆ.

"ಕತ್ತಲಲ್ಲಿ ದಿಟ್ಟಿಸಿದ್ರೆ ಯಾರಿಗಾದ್ರೂ ಏನಾದ್ರೂ ಕಾಣುತ್ತೆ. ನಂಬೋಕೆ ಕಾದಿರೋ ಜನ ಮಿಕ್ಕಿದ್ದು ತುಂಬ್ತಾರೆ" ಎನ್ನುತ್ತಿದ್ದ. ನಾನೂ ತಲೆದೂಗುತ್ತಿದ್ದೆ.

೨೦೧೪ರಲ್ಲಿ ಅವನ ಹೆಂಡತಿ ನೀರಜಾಳ ಎರಡನೆಯ ಬಾಣಂತನಕ್ಕೆ ಗದಗಿನಿಂದ ಅವಳ ಚಿಕ್ಕಮ್ಮ ಬಸವ್ವ ಬಂದಿದ್ದರು. ಆಗಲೇ ನೀರಜಾಳ ಚಿನ್ನದ ಸರ ಕಾಣೆಯಾಯಿತು. ಲಾಸ್ ಏಂಜಲೀಸ್ ಬಳಿಯ ವೆಸ್ಟ್ ಕೊವಿನಾದಲ್ಲಿರುವ ತಮ್ಮ ಮಗನ ಮನೆಗೆ ಬಂದಿದ್ದ ಹಾಲಪ್ಪನವರು ಅಂಜನ ಹಾಕಿ ಕಳ್ಳರನ್ನು ತೋರಿಸುತ್ತಾರೆಂದು ಕೇಳಿದ್ದೇ ತಡ, ಇಂದುಧರ ಏಳು ವರ್ಷದ ಮಗಳು ಪ್ರಣತಿಯನ್ನೂ ನನ್ನನ್ನೂ ಕಾರಿಗೆ ಹತ್ತಿಸಿದ.

ಹಾಲಪ್ಪ ವೀಳ್ಯದೆಲೆಗೆ ಕಪ್ಪು ಬಳಿದು, ದೀಪದ ಮುಂದೆ ಮಗುವಿನ ಕೈಗಿತ್ತರು. ಆ ಕಪ್ಪಿನಲ್ಲಿ ಹನುಮಪ್ಪ ಬಂದು, ಕದ್ದವರನ್ನು ಮಗುವಿನ ಕಣ್ಣಿಗೆ ತೋರಿಸುತ್ತಾನೆಂಬುದು ನಂಬಿಕೆ.

"ಹನುಮಪ್ಪ ಬಂದಾನೇನವ್ವಾ?"

"ಐ ಡೋಂಟ್ ನೋ."

ಇಂದುಧರ ಮುಂದಕ್ಕೆ ಬಗ್ಗಿದ. "ಸರಿಯಾಗಿ ನೋಡು ಪುಟ್ಟಿ. ಹೆಂಗಸಾ? ಹಸಿರು ಸೀರೆನಾ?"

ಮಗುವಿಗೆ ಸಾಕಾಗಿತ್ತು. "ಯಾ... ಐ ಗೆಸ್."

ಹಸಿರು ಸೀರೆ ಉಡುತ್ತಿದ್ದವರು ಬಸವ್ವ. ನನಗೆ ಹೇಸಿಗೆಯಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವನು! ಅವನಿಗೆ ಟೋಪಿಯ ಮಾತು ನೆನಪಿಸಿದೆ.

"ಅದೇ ಬೇರೆ, ಇದೇ ಬೇರೆ ಕಣೋ. ಇದು ನಮ್ಮ ತಾತನ ಕಾಲದ್ದು" ಎಂದ.

ಮರುದಿನ ವಿಷಯ ಕಿವಿಗೆ ಬಿದ್ದ ಬಸವ್ವ ಬ್ಯಾಗು ತೆರೆದು ಒಂದೊಂದೇ ಸೀರೆ ಕೊಡವಿದರು. "ನೋಡಿಬಿಡ್ರೀ. ನಿಮ್ಮ ಮನಿ ಅನ್ನಾ ಉಂಡೀನಿ, ಬಂಗಾರ ಉಂಡಿಲ್ಲ."

ಬೇಡ ಎಂದು ಯಾರೂ ತಡೆಯಲಿಲ್ಲ. ನೀರಜಾ ಕೂಸನ್ನು ಅಪ್ಪಿಕೊಂಡು ಅತ್ತಳು. ಬಾಣಂತನ ಅರ್ಧಕ್ಕೇ ಬಿಟ್ಟು ಹೊರಟ ಬಸವ್ವನವರನ್ನು ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವನು ನಾನು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಊರಾಗ ಯಾರಿಗೂ ಹೇಳಬ್ಯಾಡ್ರಿ, ತಮ್ಮಾ."

ಕೆಲವು ದಿನಗಳ ಬಳಿಕ ಸರ ಸಿಕ್ಕಿತು. ಕೂಸಿನ ಕಾರ್ ಸೀಟಿನ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಇಂದುಧರ ಬಸವ್ವನವರಿಗೆ ಫೋನ್ ಮಾಡಿ ತಪ್ಪಾಯಿತೆನ್ನುತ್ತಾನೆಂದು ನಾನು ಕಾದು ಕುಳಿತೆ.

"ನೋಡಿದ್ಯಾ? ಹನುಮಪ್ಪನ ಭಯಕ್ಕೆ ಹೋಗೋ ಮುಂಚೆ ಅಲ್ಲಿ ಸಿಗಿಸಿ ಹೋಗಿದಾರೆ" ಎಂದ ಇಂದುಧರ.

ಪ್ರಣತಿ ತಲೆಯೆತ್ತಿದಳು. "ಡ್ಯಾಡಿ, ಹನುಮಾನ್ ಬರಲೇ ಇಲ್ಲ. ಐ ಓನ್ಲಿ ಸಾ ಮೈ ಫೇಸ್."

"ಸುಮ್ನಿರು, ನಿಂಗೆ ಮರೆತುಹೋಗಿದೆ" ಎಂದು ಗದರಿ, ಅವನು ನನಗೆ ಕಾಫಿ ತರಲು ಎದ್ದ. ಆ ಮನೆಯ ನೀರೂ ನನಗೆ ಬೇಡವಾಯಿತು.